ಗಿಡ್ಡ ಕೂಲರಿನ ಆಯ್ಕೆ: ಒಂದು ಮೀಮಾಂಸೆ

ವಿಷಯ ಇಷ್ಟು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಸಂಗೀತ ಪಾಠ ಹೇಳುವ ಅನೇಕ ಮನೆಗಳಿಗೆ ಈಗ ಶಿಷ್ಯರು ಕಂಪ್ಯೂಟರಿನ ಪರದೆಯ ಮೇಲೆ ಬರುತ್ತಾರೆ. ನ್ಯೂಜೆರ್ಸಿಯ ಹುಡುಗಿಗೆ ಸಂಜೆಯಾದಾಗ ಇಲ್ಲಿ ಬೆಳಗಿನ ಜಾವ. ಪಾಠದ ಕೋಣೆಯಲ್ಲಿ ತಂಬೂರಿ, ಚಾಪೆ, ಪುಸ್ತಕದ ರಾಶಿ ಇವುಗಳ ನಡುವೆ ದೊಡ್ಡ ಕ್ಯಾಬಿನೆಟ್ಟಿಗೆ ಜಾಗವಿಲ್ಲ. 170 ಮಿ.ಮೀ. ಚೌಕದ ಮಿನಿ-ಐಟಿಎಕ್ಸ್ ಬೋರ್ಡು ಹಾಕಿ, ಮೂರರಿಂದ ಹತ್ತು ಲೀಟರ್ ಗಾತ್ರದ ಪುಟ್ಟ ಕ್ಯಾಬಿನೆಟ್ಟಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸುವುದು ಇಂಥ ಕೋಣೆಗೆ ಹೇಳಿ ಮಾಡಿಸಿದ ದಾರಿ. ಆದರೆ ಪ್ರೊಸೆಸರನ್ನು ತಣಿಸುವ ಮಾಮೂಲಿ ಟವರ್ ಕೂಲರ್ ಇದರೊಳಗೆ ಹಿಡಿಸದು. 37ರಿಂದ 70 ಮಿ.ಮೀ. ಎತ್ತರದ ಗಿಡ್ಡ ಕೂಲರುಗಳಲ್ಲೇ ಒಂದನ್ನು ಆರಿಸಬೇಕು.

ಸಂಶಯ ಹುಟ್ಟುವುದು ಇಲ್ಲಿ. ಯಾವುದನ್ನು ಪ್ರಮಾಣವಾಗಿ ಇಟ್ಟುಕೊಂಡು ಆರಿಸುವುದು? ಹಿಡಿಸುವ ಎತ್ತರವನ್ನೋ, ಡಬ್ಬಿಯ ಮೇಲೆ ಅಚ್ಚಾದ ವಾಟ್ ಸಂಖ್ಯೆಯನ್ನೋ, ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬುದನ್ನೋ? ನನ್ನ ಸಿದ್ಧಾಂತವನ್ನು ಮುಂಚೆಯೇ ಇಟ್ಟುಬಿಡುತ್ತೇನೆ. ಪ್ರೊಸೆಸರ್ ಎಷ್ಟು ಶಾಖ ಹೊರಹಾಕಬಹುದು ಎಂಬುದನ್ನು ಮೊದಲು ನಾವೇ ನಿಗದಿ ಮಾಡಬೇಕು. ಎಷ್ಟು ಸದ್ದು ಸಹಿಸಬಲ್ಲೆವು ಎಂಬುದನ್ನು ಆಮೇಲೆ. ಈ ಎರಡೂ ತೀರ್ಮಾನವಾದರೆ ಎತ್ತರದ ಪ್ರಶ್ನೆ ಬಹುಪಾಲು ತಾನಾಗಿ ಬಗೆಹರಿಯುತ್ತದೆ. ಹೆಚ್ಚಿನವರು ಎತ್ತರದಿಂದ ಶುರು ಮಾಡುತ್ತಾರೆ. ತಲೆನೋವು ಅಲ್ಲಿಂದಲೇ ಶುರು.

ಶಾಖದ ಲೆಕ್ಕ ನೋಡೋಣ. ಎಎಂಡಿ ರೈಜನ್ 5 5600ಜಿ ಪ್ರೊಸೆಸರ್ ‘65 ವಾಟ್’ ಎಂದು ಮಾರಾಟವಾಗುತ್ತದೆ, ಆದರೆ ಬಿಟ್ಟರೆ 88 ವಾಟ್‌ವರೆಗೆ ಎಳೆಯುತ್ತದೆ. ಇಂಟೆಲ್ ಐ5-12400 ಕೂಡ ‘65 ವಾಟ್’ನದೇ, ಅದಕ್ಕೆ ಕಂಪನಿಯೇ ಕೊಟ್ಟಿರುವ ಮೇಲಿನ ಮಿತಿ 117 ವಾಟ್. ಈಗ ಒಂದು ಗಿಡ್ಡ ಕೂಲರ್ ಪ್ರತಿ ವಾಟ್ ಶಾಖಕ್ಕೆ ಪ್ರೊಸೆಸರನ್ನು ಗಾಳಿಗಿಂತ 0.6 ಡಿಗ್ರಿ ಮೇಲೆ ನಿಲ್ಲಿಸುತ್ತದೆ ಎಂದಿಟ್ಟುಕೊಳ್ಳಿ. ಫ್ಯಾನು ಎಳೆಯುವ ಗಾಳಿ 34 ಡಿಗ್ರಿ ಇದ್ದಾಗ 60 ವಾಟ್‌ಗೆ ಪ್ರೊಸೆಸರ್ 70 ಡಿಗ್ರಿಗೆ ಬರುತ್ತದೆ, 88 ವಾಟ್‌ಗೆ 87 ಡಿಗ್ರಿಗೆ. 117 ವಾಟ್‌ಗೆ ಲೆಕ್ಕ 104 ಆಗುತ್ತದೆ. ಅಷ್ಟು ದೂರ ಹೋಗಲು ಪ್ರೊಸೆಸರ್ ತನ್ನನ್ನು ತಾನೇ ಬಿಡುವುದಿಲ್ಲ, 100ರ ಹತ್ತಿರ ವೇಗ ಇಳಿಸಿಕೊಳ್ಳುತ್ತದೆ. ಕೂಲರ್ ಒಂದೇ, ಗಾಳಿ ಒಂದೇ. ಬದಲಾದದ್ದು ನಾವು ಬಿಟ್ಟುಕೊಟ್ಟ ವಾಟ್ ಮಾತ್ರ. ಬಯೋಸ್‌ನಲ್ಲಿ ಎಎಂಡಿ ಪ್ರೊಸೆಸರಿಗೆ 45 ವಾಟ್‌ನ ಇಕೋ ಮೋಡ್ ಆರಿಸಿದರೆ ನಿಜವಾದ ಎಳೆತ ಸುಮಾರು 60 ವಾಟ್‌ಗೆ ನಿಲ್ಲುತ್ತದೆ. ಇಂಟೆಲ್‌ನಲ್ಲೂ ಪವರ್ ಲಿಮಿಟ್‌ಗೆ ಸಂಖ್ಯೆ ಕೊಡಬಹುದು. ಅದಕ್ಕೆ ಅವಕಾಶವಿರುವ ಬೋರ್ಡನ್ನೇ ಕೇಳಿ ಕೊಳ್ಳಬೇಕು.

ಇಲ್ಲಿ ಮೊದಲನೆಯ ಪೂರ್ವಪಕ್ಷ ಏಳುತ್ತದೆ: ದುಡ್ಡು ಕೊಟ್ಟು ತಂದ ಪ್ರೊಸೆಸರಿನ ಕೈಕಟ್ಟುವುದೇಕೆ? ಸಮಾಧಾನ ಹೀಗೆ. ಪ್ರೊಸೆಸರ್ ನುಂಗುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಷ್ಟೇ ಏರುವುದಿಲ್ಲ. ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು, ವೋಲ್ಟೇಜಿನ ಪಾಲು ವರ್ಗವಾಗಿ ಸೇರುತ್ತದೆ. ವೇಗವನ್ನೂ ವೋಲ್ಟೇಜನ್ನೂ ಶೇಕಡಾ ಹತ್ತರಷ್ಟು ಇಳಿಸಿದರೆ ವಿದ್ಯುತ್ತು ಶೇಕಡಾ 27ರಷ್ಟು ಇಳಿಯುತ್ತದೆ. ಕೊನೆಯ ಆ ಚೂರು ವೇಗಕ್ಕೇ ಅತಿ ಹೆಚ್ಚು ಬೆಲೆ. ವೀಡಿಯೊ ಕರೆ, ಧ್ವನಿಮುದ್ರಣ, ಅಲ್ಪಸ್ವಲ್ಪ ಎಡಿಟಿಂಗ್ ಇಷ್ಟಕ್ಕೆ ಬಳಸುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ದಿನವಿಡೀ ವೀಡಿಯೊ ರೆಂಡರ್ ಮಾಡುವವರಿಗೆ ಈ ವಾದ ಒಪ್ಪಿಗೆಯಾಗದು, ಆಗಬೇಕಾಗಿಯೂ ಇಲ್ಲ. ಅವರು ದೊಡ್ಡ ಪೆಟ್ಟಿಗೆಯನ್ನೇ ಕೊಳ್ಳಲಿ.

ಎರಡನೆಯ ಆಕ್ಷೇಪ ಅಂಗಡಿಯಲ್ಲಿ ಕೇಳಿಬರುವಂಥದ್ದು: ‘ಡಬ್ಬಿ ಮೇಲೆ ನೂರು ವಾಟ್‌ಗಿಂತ ಜಾಸ್ತಿ ಬರೆದಿದೆಯಲ್ಲ ಸಾರ್, ಇನ್ನೇನು ಬೇಕು?’ ಎಷ್ಟು ಬಿಸಿಗಾಳಿಯಲ್ಲಿ, ಫ್ಯಾನು ಎಷ್ಟು ಸುತ್ತು ತಿರುಗಿದಾಗ, ಪ್ರೊಸೆಸರ್ ಎಷ್ಟು ಡಿಗ್ರಿಗೆ ನಿಂತಾಗ ಆ ನೂರು ವಾಟ್ ಎಂಬುದನ್ನು ಹೇಳದ ಸಂಖ್ಯೆ ಪ್ರಮಾಣವಾಗದು. ಒಂದೇ ಕಂಪನಿಯ ಎರಡು ಕೂಲರುಗಳನ್ನು ಹೋಲಿಸಲು ಅದನ್ನು ಬಳಸಬಹುದು. ಬೇರೆ ಬೇರೆ ಕಂಪನಿಗಳ ನಡುವೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಸದ್ದಿನ ವಿಚಾರಕ್ಕೆ ಬರುತ್ತೇನೆ. ಸಂಗೀತದ ಮನೆಯಲ್ಲಿ ಇಡೀ ಚರ್ಚೆಯ ತಿರುಳು ಇದೇ. ಮೀಟಿಂಗ್ ಆ್ಯಪುಗಳು ಒಂದೇ ಸಮನೆ ಮೊಳಗುವ ನಾದವನ್ನು ಗದ್ದಲವೆಂದು ತಿಳಿದು ಅಳಿಸಿಹಾಕುತ್ತವೆ. ಫ್ಯಾನಿನ ಸದ್ದು ಅಳಿಯುವುದು ಸರಿ, ಆದರೆ ಅದರ ಜೊತೆಗೆ ತಂಬೂರಿಯೂ ಅಳಿದುಹೋಗುತ್ತದೆ. ಅದಕ್ಕೇ ಸಂಗೀತ ಪಾಠದವರು ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಎಂಬ ಆಯ್ಕೆಯನ್ನು ಹಾಕಿಕೊಳ್ಳುತ್ತಾರೆ. ಹಾಕಿಕೊಂಡ ಮೇಲೆ ಮೈಕಿಗೆ ಬಿದ್ದದ್ದೆಲ್ಲ ಶಿಷ್ಯರ ಕಿವಿಗೆ ಹೋಗುತ್ತದೆ, ಎರಡಡಿ ದೂರದ ಫ್ಯಾನೂ ಸೇರಿ.

ಆ ಫ್ಯಾನಿಗೂ ಒಂದು ಶ್ರುತಿ ಇದೆ. ಏಳು ಅಲಗಿನ ಫ್ಯಾನು ನಿಮಿಷಕ್ಕೆ 2,500 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 292 ಬಾರಿ ಅಲಗು ಹಾಯುತ್ತದೆ, ಅಂದರೆ 292 ಹರ್ಟ್ಸ್ ನಾದ. ಎರಡು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿನ ತಾರ ಷಡ್ಜ ಸುಮಾರು 294 ಹರ್ಟ್ಸ್. ಎರಡೂ ಒಟ್ಟಿಗೆ ಬಂದಾಗ ಸೆಕೆಂಡಿಗೆ ಎರಡು ಬಾರಿ ಏರಿಳಿಯುವ ಮಿಡಿತ ಕೇಳುತ್ತದೆ. ತಂಬೂರಿಯ ತಂತಿಯನ್ನು ಶ್ರುತಿ ಮಾಡುವಾಗ ಯಾವ ಮಿಡಿತವನ್ನು ನಿಲ್ಲಿಸಲು ಬಿರಡೆ ತಿರುಗಿಸುತ್ತಾರೋ ಅಂಥದ್ದೇ. ಷಡ್ಜದ ಮೇಲೆ ನಿಲ್ಲಲು ಈಗಷ್ಟೇ ಕಲಿಯುತ್ತಿರುವ ಮಗುವಿನ ಕಿವಿಗೆ ಇದು ಸಲ್ಲದ ಅಡ್ಡಿ. ಫ್ಯಾನಿನ ವೇಗ ಪದೇ ಪದೇ ಬದಲಾದರಂತೂ ನಾದವೂ ಜಾರುತ್ತ ಹೋಗಿ ಇನ್ನಷ್ಟು ಕೆಡುಕು. ಅದೇ ಫ್ಯಾನು 1,500 ಸುತ್ತಿಗೆ ಇಳಿದರೆ ಸದ್ದು ಅಂದಾಜು 11 ಡೆಸಿಬೆಲ್ ತಗ್ಗುತ್ತದೆ, ಕಿವಿಗೆ ಅರ್ಧಕ್ಕಿಂತ ಕಡಿಮೆ ಅನ್ನಿಸುತ್ತದೆ. ಗಾಳಿಯೂ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ ಎಂಬುದು ಅದಕ್ಕೆ ತೆರುವ ಬೆಲೆ, ಮತ್ತು ವಾಟ್ ಮಿತಿಯನ್ನು ಮೊದಲೇ ಹಾಕಿದವರಿಗೆ ಮಾತ್ರ ಆ ಬೆಲೆ ಕೈಗೆಟುಕುತ್ತದೆ. ಶಾಖವೇ ಮೊದಲು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನು ಎತ್ತರ. ಇನ್‌ವಿನ್ ಚೋಪಿನ್‌ನಂಥ 3.3 ಲೀಟರಿನ ಪೆಟ್ಟಿಗೆಯಲ್ಲಿ ಕೂಲರಿಗೆ ಸಿಗುವುದು 43 ಮಿ.ಮೀ. ಅಲ್ಲಿ 37 ಮಿ.ಮೀ.ನ ನಾಕ್ಟುವಾ ಎನ್‌ಎಚ್-ಎಲ್9 ಜಾತಿಯದೇ ಗತಿ. ಫ್ರ್ಯಾಕ್ಟಲ್ ಟೆರಾದಂಥ ಹತ್ತು ಲೀಟರಿನ ಪೆಟ್ಟಿಗೆಯಲ್ಲಿ ನಡುವಿನ ಗೋಡೆ ಸರಿಸಿ 48ರಿಂದ 77 ಮಿ.ಮೀ.ವರೆಗೆ ಹೊಂದಿಸಬಹುದು, 47 ಮಿ.ಮೀ.ನ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಇರಲಿ, 120 ಮಿ.ಮೀ. ಫ್ಯಾನಿರುವ 70 ಮಿ.ಮೀ.ನ ಎನ್‌ಎಚ್-ಎಲ್12ಎಸ್ ಇರಲಿ, ಎರಡೂ ಕೂರುತ್ತವೆ. ದೊಡ್ಡ ಫ್ಯಾನು ಕಡಿಮೆ ಸುತ್ತಿನಲ್ಲೇ ಅಷ್ಟೇ ಗಾಳಿ ತಳ್ಳುತ್ತದೆ. ಜಾಗವಿದ್ದವರು 120ರದ್ದನ್ನೇ ತರಬೇಕು ಎಂಬುದು ನನ್ನ ಮತ.

ಹಾಗಾದರೆ ‘ಹಿಡಿಸುವಷ್ಟು ಎತ್ತರದ್ದೇ ಉತ್ತಮ’ ಎಂದು ಸೂತ್ರ ಮಾಡಿಬಿಡಬಹುದಲ್ಲ ಎಂದು ಪೂರ್ವಪಕ್ಷಿ ಕೇಳುತ್ತಾನೆ. ಅರ್ಧ ಮಾತ್ರ ನಿಜ. ಗಿಡ್ಡ ಕೂಲರಿನ ಫ್ಯಾನು ಮೇಲಿನಿಂದ ಗಾಳಿ ಎಳೆದು ಬೋರ್ಡಿನತ್ತ ಊದುತ್ತದೆ. ಅದರ ಎದುರಿಗೆ ಇರುವುದು ಜಾಲರಿಯ ಬಾಗಿಲಾದರೆ ಫ್ಯಾನು ಜಾಲರಿಗೆ ಹತ್ತಿರವಿದ್ದಷ್ಟೂ ಹೊರಗಿನ ತಾಜಾ ಗಾಳಿ ಸಿಗುತ್ತದೆ. ನಡುವೆ ಎರಡು ಸೆಂಟಿಮೀಟರ್ ಖಾಲಿ ಬಿಟ್ಟರೆ, ಊದಿದ ಬಿಸಿಗಾಳಿಯೇ ಸುತ್ತಿಕೊಂಡು ಬಂದು ಮತ್ತೆ ಒಳಕ್ಕೆ ಹೋಗುತ್ತದೆ. ಆ ಸಂದನ್ನು ಸುತ್ತಲೂ ಫೋಮ್ ಪಟ್ಟಿ ಅಂಟಿಸಿ ಮುಚ್ಚಬೇಕು. ತೀರಾ ಮುಟ್ಟುವಷ್ಟು ಹತ್ತಿರವಾದರೆ ಜಾಲರಿಯ ಮೇಲೆ ಗಾಳಿ ಸೀಳಿ ಸಿಳ್ಳೆ ಹೊಡೆಯುತ್ತದೆ, ಮೂರು ನಾಲ್ಕು ಮಿಲಿಮೀಟರ್ ಇರಲಿ. ಎದುರಿಗಿರುವುದು ಗಾಜಿನ ಅಥವಾ ಮುಚ್ಚಿದ ತಗಡಿನ ಬಾಗಿಲಾದರೆ ನ್ಯಾಯವೇ ತಿರುಗುಮುರುಗು. ಅಲ್ಲಿ ಹಿಡಿಸುವಷ್ಟು ಎತ್ತರದ್ದನ್ನು ತುರುಕಿದರೆ ಫ್ಯಾನಿಗೆ ಉಸಿರಾಡಲು ಜಾಗವಿರದು. ಹತ್ತು ಹದಿನೈದು ಮಿಲಿಮೀಟರ್ ಬಿಟ್ಟು ಗಿಡ್ಡದ್ದನ್ನೇ ಹಾಕಬೇಕು, ಅಥವಾ ಆ ಕ್ಯಾಬಿನೆಟ್ಟನ್ನೇ ಬಿಡಬೇಕು. ಎರಡನೆಯದು ಮೇಲು.

‘ಬೆಂಗಳೂರು ತಂಪು ಊರು, ಇಷ್ಟೆಲ್ಲ ಯಾಕೆ?’ ಈ ಆಕ್ಷೇಪವನ್ನು ಗೌರವದಿಂದಲೇ ನೋಡಬೇಕು, ಹಳೆಯ ಬಡಾವಣೆಗಳಲ್ಲಿ ಅದಕ್ಕೆ ಆಧಾರವಿದೆ. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳನ್ನು ಗಾಳಿ ಬೆಳಕು ಧಾರಾಳವಾಗಿ ಸಿಗಲೆಂದೇ ರೂಪಿಸಿದರು. ಎತ್ತರದ ಸೂರು, ಮದ್ರಾಸ್ ಟೆರೇಸಿನ ಮನೆಗಳು ನಡುಹಗಲಲ್ಲೂ ತಣ್ಣಗಿರುತ್ತವೆ. ಆದರೆ ಕೂಲರಿಗೆ ಊರಿನ ಹವೆ ಗೊತ್ತಿಲ್ಲ, ತನ್ನ ಮುಂದಿರುವ ಗಾಳಿ ಮಾತ್ರ ಗೊತ್ತು. ಆ ಮನೆಗಳ ದಪ್ಪ ಗೋಡೆಯಲ್ಲಿ ಮೂರು ಕಡೆ ಮುಚ್ಚಿದ ಗೂಡುಗಳಿರುತ್ತವಲ್ಲ, ಕೆಲವಕ್ಕೆ ಮರದ ಬಾಗಿಲೂ ಉಂಟು. ಪುಟ್ಟ ಪೆಟ್ಟಿಗೆಗೆ ಅಳತೆ ತೆಗೆದಂತೆ ಹೊಂದುವ ಜಾಗವೆಂದು ಕಂಪ್ಯೂಟರನ್ನು ಅಲ್ಲಿ ಇಡುತ್ತಾರೆ. ಒಳಗಿನ ಗಾಳಿ ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಯಾವ ಕೂಲರ್ ತಂದರೂ ಆ ಹತ್ತು ಡಿಗ್ರಿ ಕಳೆಯಲಾಗದು. ಇನ್ನು ಏಪ್ರಿಲ್. 1939ರಿಂದ ಶ್ರೀರಾಮಸೇವಾ ಮಂಡಳಿ ಚಾಮರಾಜಪೇಟೆಯಲ್ಲಿ ನಡೆಸುತ್ತ ಬಂದಿರುವ ರಾಮನವಮಿ ಸಂಗೀತೋತ್ಸವದ ಕಾಲ ಅದು, ಸಂಗೀತದ ಮನೆಗಳಲ್ಲಿ ಸಾಧನೆಯೂ ಜೋರು, ಬಿಸಿಲೂ ಜೋರು. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತು. ಕೂಲರನ್ನು ಡಿಸೆಂಬರಿಗೆ ನೋಡಿ ಕೊಳ್ಳಬಾರದು.

ಇದಕ್ಕೆ ಸೇರಿದ ಇನ್ನೊಂದು ಸೂಕ್ಷ್ಮ: ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಸುಮಾರು ಶೇಕಡಾ ಹತ್ತರಷ್ಟು ತೆಳು. ಅಷ್ಟೇ ಸುತ್ತು ತಿರುಗಿದ ಫ್ಯಾನು ಇಲ್ಲಿ ಕಡಿಮೆ ತೂಕದ ಗಾಳಿ ತಳ್ಳುತ್ತದೆ. ಹೆದರಬೇಕೆ? ಗಂಟೆಗೆ 30 ಘನಮೀಟರ್ ಗಾಳಿ ಹಾಯುವ ಕೂಲರಿನಲ್ಲಿ 65 ವಾಟ್ ಶಾಖಕ್ಕೆ ಗಾಳಿ ಮಂಗಳೂರಿನಲ್ಲಿ 6.7 ಡಿಗ್ರಿ ಬಿಸಿಯಾದರೆ ಇಲ್ಲಿ 7.4 ಡಿಗ್ರಿ. ಗಾಳಿಗೆ ಶಾಖ ದಾಟುವುದೂ ತುಸು ನಿಧಾನವಾಗುವುದರಿಂದ ಇನ್ನೆರಡು ಮೂರು ಡಿಗ್ರಿ ಸೇರಬಹುದು. ಅಷ್ಟರ ಮಟ್ಟಿಗೆ ಲೆಕ್ಕದಲ್ಲಿ ಉಳಿಸಿಟ್ಟುಕೊಂಡರೆ ಸಾಕು.

‘ಪ್ರೊಸೆಸರ್ 95 ಡಿಗ್ರಿ ತಡೆಯುತ್ತದೆ ಎಂದು ಕಂಪನಿಯೇ ಹೇಳುತ್ತದೆ’ ಎಂಬ ವಾದ ಪ್ರೊಸೆಸರಿನ ಮಟ್ಟಿಗೆ ನಿಜ. ಆದರೆ ಐದು ಲೀಟರಿನ ಪೆಟ್ಟಿಗೆಯಲ್ಲಿ ಪ್ರೊಸೆಸರ್ ಒಂದೇ ಇರುವುದಿಲ್ಲ. ಎಸ್‌ಎಸ್‌ಡಿ, ರ‍್ಯಾಮು, ಎಸ್‌ಎಂಪಿಎಸ್ ಎಲ್ಲವೂ ಅದೇ ಗಾಳಿಯಲ್ಲಿ ಬೇಯುತ್ತವೆ. ಎಸ್‌ಎಂಪಿಎಸ್ ಒಳಗಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಸ್ಸು ಪ್ರತಿ ಹತ್ತು ಡಿಗ್ರಿಗೆ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರು ಬಹುಕಾಲದಿಂದ ನಂಬಿ ಬಳಸುವ ಅಂದಾಜು.

ತಾಮ್ರದ ಪ್ರಶ್ನೆಯನ್ನು ಬೇಗ ಮುಗಿಸಬಹುದು. ತಳಕ್ಕೂ ಹೀಟ್‌ಪೈಪಿಗೂ ತಾಮ್ರ ಬೇಕೇ ಬೇಕು. ರೆಕ್ಕೆಗಳು ತಾಮ್ರದವಾದರೆ ಲಾಭ ಒಂದೆರಡು ಡಿಗ್ರಿ, ತೂಕ ಮೂರು ಪಟ್ಟಿಗಿಂತ ಜಾಸ್ತಿ. ಶಾಖಕ್ಕೆ ತಡೆ ಬೀಳುವುದು ಅಷ್ಟು ಗಿಡ್ಡ ರೆಕ್ಕೆಯೊಳಗೆ ಕಡಿಮೆ, ರೆಕ್ಕೆಯಿಂದ ಗಾಳಿಗೆ ದಾಟುವಲ್ಲಿ ಹೆಚ್ಚು. ನೀರಿನ ಕೂಲರ್ ಹಾಕೋಣವೇ ಎಂದರೆ, ಅದೂ ಕೊನೆಗೆ ಶಾಖವನ್ನು ಗಾಳಿಗೇ ಒಪ್ಪಿಸಬೇಕು, ಮೇಲೆ ಪಂಪಿನ ಗುಂಯ್ ಬೇರೆ. 60 ವಾಟ್‌ಗೆ ಅದು ಬೇಡ.

ಕೊಳ್ಳಲು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗುವುದಾದರೆ ಕ್ಯಾಬಿನೆಟ್ಟನ್ನೂ ಬೋರ್ಡನ್ನೂ ಜೊತೆಗೆ ಒಯ್ಯುವುದು ಜಾಣತನ. ಪ್ರೊಸೆಸರ್ ಕೂರಿಸಿ, ಅದರ ನೆತ್ತಿಯಿಂದ ಬಾಗಿಲಿನ ಒಳಮೈವರೆಗೆ ಸ್ಕೇಲಿಟ್ಟು ಅಳೆದುಕೊಳ್ಳಿ. ಇಂಟೆಲ್‌ನ ಎಲ್‌ಜಿಎ1700 ಬೋರ್ಡಿನಲ್ಲಿ ಕೂಲರ್ ಕೂರಿಸುವ ತೂತುಗಳ ಅಂತರ 78 ಮಿ.ಮೀ., ಅದಕ್ಕೆ ಹಿಂದಿನವುಗಳಲ್ಲಿ 75. ಹಳೆಯ ದಾಸ್ತಾನಿನ ಕೂಲರಿಗೆ ಹೊಸ ಕ್ಲಾಂಪು ಇದೆಯೇ ಎಂದು ಕೇಳಲೇಬೇಕು. ಎಎಂಡಿಯ ಎಎಂ5 ಬೋರ್ಡಿನ ಹಿಂಬದಿಯ ಪಟ್ಟಿ ಬಿಚ್ಚಲು ಬರುವುದಿಲ್ಲ, ತನ್ನದೇ ಪಟ್ಟಿ ಬೇಡುವ ಕೂಲರ್ ಅಲ್ಲಿ ಕೂರದು. 120 ಮಿ.ಮೀ. ಫ್ಯಾನು ರ‍್ಯಾಮಿನ ತಲೆಯ ಮೇಲೆ ಚಾಚುವುದರಿಂದ ಅಲಂಕಾರದ ತಗಡಿಲ್ಲದ ಗಿಡ್ಡ ರ‍್ಯಾಮನ್ನೇ ಆರಿಸಿ.

ದೇವರ ಗೂಡು ಅದೇ ಕೋಣೆಯಲ್ಲಿದ್ದರೆ ಇನ್ನೊಂದು ಮಾತು. ಊದುಬತ್ತಿಯ ಹೊಗೆ, ಅಡುಗೆಮನೆಯ ಒಗ್ಗರಣೆಯ ಜಿಡ್ಡು ಎರಡೂ ರೆಕ್ಕೆಗಳ ಅಂಚಿಗೆ ಕಂದು ಬಣ್ಣದ ಅಂಟಾಗಿ ಹಿಡಿಯುತ್ತವೆ. ಚಾಪೆಯ ನಾರು, ಬಟ್ಟೆಯ ಎಳೆ ಅದರ ಮೇಲೆ ಕೂತು ಫ್ಯಾನಿನ ಕೆಳಗೆ ಕಂಬಳಿಯಂತೆ ಒಂದು ಪದರ ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಫ್ಯಾನು ಮಾತ್ರ ಕಾಣುತ್ತದೆ, ಪದರ ಕಾಣದು. ರೆಕ್ಕೆಗಳ ಸಂದು ತೀರಾ ಇಕ್ಕಟ್ಟಾಗಿರುವ ಕೂಲರ್ ಇಂಥ ಮನೆಗೆ ಬೇಡ. ವರ್ಷಕ್ಕೆರಡು ಬಾರಿ ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ ಒಣ ಬ್ರಶ್ಶಿನಿಂದ ತೆಗೆದರೆ ಸಾಕು.

ಕಡೆಯ ಆಕ್ಷೇಪ: ಇಷ್ಟನ್ನೆಲ್ಲ ಸಂಗೀತದ ಟೀಚರ್ ಯಾಕೆ ತಿಳಿದುಕೊಳ್ಳಬೇಕು? ತಿಳಿಯಬೇಕಾಗಿಲ್ಲ. ಅಸೆಂಬಲ್ ಮಾಡಿಕೊಡುವ ಹುಡುಗನಿಗೆ ಮೂರು ಮಾತು ಹೇಳಿದರಾಯಿತು: ಬಯೋಸ್‌ನಲ್ಲಿ ಪ್ರೊಸೆಸರಿಗೆ 60 ವಾಟ್ ಮಿತಿ ಹಾಕು, 70 ಡಿಗ್ರಿವರೆಗೆ ಫ್ಯಾನು ಒಂದೇ ವೇಗದಲ್ಲಿ, 1,500 ಸುತ್ತಿನ ಒಳಗೇ ತಿರುಗಲಿ, ಪೆಟ್ಟಿಗೆ ಮುಚ್ಚಿ ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟು ಡಿಗ್ರಿ ಎಷ್ಟೆಂದು ನನ್ನೆದುರೇ ತೋರಿಸು. ಆ ಅರ್ಧ ಗಂಟೆಯಲ್ಲಿ 85 ದಾಟಿದರೆ ಕೂಲರ್ ಬದಲಿಸಲು ಅಂಗಡಿಯಲ್ಲೇ ಕೇಳಬಹುದು, ಮನೆಗೆ ತಂದ ಮೇಲೆ ಕಷ್ಟ.