ದನಿ ಯಾರದ್ರೀ?

ಹಳೇ ಹಾಡೊಂದು ಸಿಕ್ಕರೆ ಒಬ್ಬರೇ ಕೇಳಿ ಸುಮ್ಮನಿರೋದು ಕಷ್ಟ. ಗೆಳೆಯರಿಗೆ ಕಳಿಸಿ, 'ಕೇಳ್ರೀ, ಎಂಥಾ ದನಿ!' ಅಂತ ಬರೆದರೇನೇ ಸಮಾಧಾನ. ಒಳ್ಳೆಯ ಚಟವೇ. ಆದರೆ ಆ ದನಿ ಯಾರದು ಅಂತ ಹೇಳದೆ ಕಳಿಸಿದರೆ ತಪ್ಪೇ? ಹಾಡು ಕಿವಿಗೆ ಮುಟ್ಟಿತಲ್ಲ, ಅಷ್ಟು ಸಾಲದೇ?

ಬೀಳಗಿಯ ಅಮೀರ್‌ಬಾಯಿಯವರನ್ನೇ ತಗೊಳ್ಳಿ. 1943ರ 'ಕಿಸ್ಮತ್' ಸಿನಿಮಾ ಕಲ್ಕತ್ತದ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅನಿಲ್ ಬಿಸ್ವಾಸರ ಸಂಗೀತದ ಆ ಹಾಡುಗಳಲ್ಲಿ ಹೆಣ್ಣುದನಿ ಬಹುಪಾಲು ಇವರದೇ. ಕವಿ ಪ್ರದೀಪ್ ಬರೆದ ಅದರ ದೇಶಭಕ್ತಿಗೀತೆಯಲ್ಲೂ ಖಾನ್ ಮಸ್ತಾನಾ ಜೊತೆ ಇವರಿದ್ದಾರೆ. ಬಾಲಗಂಧರ್ವರ ಜೊತೆ ನಟಿಸಿ ಹಾಡಿದ ಗೋಹರ್‌ಬಾಯಿ ಇವರ ಸೋದರಿ. ಇಬ್ಬರ ಹೆಸರಿನ ಮುಂದೂ 'ಕರ್ನಾಟಕಿ' ಅಂತಿತ್ತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ಅಮೀರ್‌ಬಾಯಿ ತೀರಿಕೊಂಡದ್ದು 1965ರಲ್ಲಿ. ನಾಡು ಇಟ್ಟುಕೊಳ್ಳುವ ಮೊದಲೇ ಆ ಹೆಸರನ್ನು ಮುಂಬೈಯಲ್ಲಿ ಹೊತ್ತು ನಡೆದವರು ಇವರು. ರಹಮತ್ ತರೀಕೆರೆಯವರು ಇವರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆದರೂ ಮೊಬೈಲಿಂದ ಮೊಬೈಲಿಗೆ ಹಾರುವಾಗ ಈ ಹಾಡುಗಳು ಬರೀ 'ಓಲ್ಡ್ ಈಸ್ ಗೋಲ್ಡ್' ಆಗಿಬಿಡುತ್ತವೆ.

ಆಗಲಿ ಬಿಡಿ, ಬೀಸುವ ಪದಕ್ಕೆ ಯಾರ ಹೆಸರಿದೆ ಅಂತ ನೀವು ಕೇಳಬಹುದು. ನಿಜ. ಆದರೆ ಆ ಪದ ಬೀಸುಕಲ್ಲಿನಿಂದ ಬೀಸುಕಲ್ಲಿಗೆ ಹೋಗುತ್ತಾ ಎಲ್ಲರದೂ ಆಯಿತು. ಹಾಡಿದವಳೆಲ್ಲ ತನ್ನದೊಂದು ಸಾಲು ಸೇರಿಸಿದಳು. ವಚನ ಹಾಗಲ್ಲ. ಬೀಳಗಿ ಇರುವ ಜಿಲ್ಲೆಯಲ್ಲೇ ಕೂಡಲಸಂಗಮವೂ ಇದೆ. ಬಾಯಿಂದ ಬಾಯಿಗೆ ಹಂಚುವಾಗ ಅಂಕಿತ ಉಳಿಸಿಕೊಂಡು ಬಂದದ್ದಕ್ಕೇ ಯಾವ ವಚನ ಬಸವಣ್ಣನದು, ಯಾವುದು ಅಕ್ಕನದು ಅಂತ ಇವತ್ತಿಗೂ ಗುರುತು ಸಿಗುತ್ತದೆ. ಅಂದರೆ ಹೆಸರು ಬಿಡದೆ ಹಂಚೋದು ನಮಗೆ ಹೊಸದೇನಲ್ಲ.

ಹಾಡುಗಾರರಿಗೂ ಈ ಭಯ ಮೊದಲಿಂದ ಇತ್ತೇನೋ. 1902ರಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಹಾಡು ಮುಗಿದ ಮೇಲೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. 1949ರ 'ಮಹಲ್' ಚಿತ್ರದ ಪ್ರಸಿದ್ಧ ಹಾಡಿನ ರೆಕಾರ್ಡಿನ ಮೇಲೆ ಮೊದಲು ಇದ್ದದ್ದು ಲತಾ ಹೆಸರಲ್ಲ, 'ಕಾಮಿನಿ' ಎಂಬ ಪಾತ್ರದ ಹೆಸರು. ಲತಾ ಅವರ ಹೆಸರು ಆಮೇಲೆ ಮನೆಮಾತಾಯಿತು. ಆದರೆ ಕೇಳಿ ಹೇಳುವವರಿಲ್ಲದ ಎಷ್ಟೋ ದನಿಗಳಿಗೆ ಆ ಅದೃಷ್ಟ ಇಲ್ಲ.

ಅಮೀರ್‌ಬಾಯಿಗೆ ಈಗ ನಮ್ಮ ಹೊಗಳಿಕೆ ತಲುಪುವುದಿಲ್ಲ. ಹಾಗಾದರೆ ಹೆಸರು ಬರೆಯೋದು ಯಾರಿಗಾಗಿ? ಮುಂದೆ ಕೇಳುವವನಿಗಾಗಿ. ಬರೀ ಹಾಡು ಕಳಿಸಿದರೆ ಅವನು ಅದೊಂದನ್ನೇ ಕೇಳಿ ಸುಮ್ಮನಾಗುತ್ತಾನೆ. ಹೆಸರೂ ಕಳಿಸಿದರೆ ಆ ಹೆಸರು ಹಿಡಿದು ಇನ್ನೊಂದು ಹಾಡು ಹುಡುಕುತ್ತಾನೆ, ಬೀಳಗಿ ಎಲ್ಲಿದೆ ಅಂತಲೂ ನೋಡುತ್ತಾನೆ. ದುಡಿದು ಹಾಡಿದವರ ಋಣ ತೀರಿಸಲು ನಮ್ಮ ಕೈಯಲ್ಲಾಗುವುದು ಇಷ್ಟೇ: ಹೆಸರು, ಸಿನಿಮಾ, ವರ್ಷ, ಊರು.

ಹೆಸರು ಗೊತ್ತಿಲ್ಲದಿದ್ದರೆ? ಹಾಡಿನ ಜೊತೆ ಪ್ರಶ್ನೆಯನ್ನೂ ಕಳಿಸಿ: 'ಈ ದನಿ ಯಾರದ್ರೀ?' ಗೊತ್ತಿರುವ ಒಬ್ಬರಾದರೂ ಸಿಗುತ್ತಾರೆ.