ಷಷ್ಠಿಯ ಬರಹವೂ ಮನೆಯವರ ಹೊಣೆಯೂ

ಎಳೆಯ ಕೂಸೊಂದು ಕಣ್ಣು ಮುಚ್ಚಿದ ಮನೆಯಲ್ಲಿ, ಅಳು ತುಸು ತಗ್ಗಿದ ಮೇಲೆ, ಹಿರಿಯರ ಬಾಯಿಂದ ಹೊರಡುವ ಮಾತು ಪ್ರಾಯಶಃ ಒಂದೇ ಆಗಿರುತ್ತದೆ: ‘ಅದರ ಹಣ್ಯಾಗ ಅಷ್ಟೇ ಬರೆದಿತ್ತವ್ವ.’ ನಮ್ಮ ಈ ಕಡೆಯ ನಾಡಿನಲ್ಲಿ ಈ ಮಾತಿಗೆ ಆಚಾರದ ಬೆಂಬಲವೂ ಉಂಟು. ಕೂಸು ಹುಟ್ಟಿದ ಐದನೆಯ ಅಥವಾ ಆರನೆಯ ರಾತ್ರಿ ಸೆಟವಿತಾಯಿ ಬಂದು ಅದರ ಹಣೆಯ ಮೇಲೆ ಆಯುಸ್ಸನ್ನೂ ಭಾಗ್ಯವನ್ನೂ ಬರೆದುಹೋಗುವಳೆಂದು ನಂಬಿ, ಕೆಲವು ಮನೆಗಳಲ್ಲಿ ತೊಟ್ಟಿಲ ಬಳಿ ಹಾಳೆಯನ್ನೂ ಲೇಖನಿಯನ್ನೂ ಇರಿಸುತ್ತಾರೆ. ಕರುಳು ಬೆಂದ ತಾಯಿಗೆ ಈ ನಂಬಿಕೆಯಿಂದ ದೊರಕುವ ಸಾಂತ್ವನವನ್ನು ನಾನು ಲಘುವಾಗಿ ಎಣಿಸಲಾರೆ. ಆದರೆ ಸಾಂತ್ವನಕ್ಕಾಗಿ ಹುಟ್ಟಿದ ಮಾತು ವಿಚಾರಣೆಯ ಬಾಯಿ ಮುಚ್ಚಿಸುವ ಮಾತಾಗಿ ಪರಿಣಮಿಸಿದಾಗ, ಧರ್ಮಜಿಜ್ಞಾಸುವಾದವನು ಸುಮ್ಮನಿರುವಂತಿಲ್ಲ. ಒಂದು ಪಾಪವನ್ನಾದರೂ ಮಾಡಲು ಅವಕಾಶವೇ ಇಲ್ಲದಿದ್ದ ಆ ಜೀವದ ಅಳಿವಿಗೆ ಉತ್ತರ ಹೇಳಬೇಕಾದವರು ಯಾರು?

ಸೆಟವಿಯೆಂದು ನಾವು ಕರೆಯುವವಳು ಪುರಾಣಗಳ ಷಷ್ಠೀದೇವಿ. ಮಹಾಭಾರತದ ಅರಣ್ಯಪರ್ವವು ಇವಳನ್ನೇ ದೇವಸೇನೆಯೆಂದು, ಸ್ಕಂದನ ಪತ್ನಿಯೆಂದು ಹೇಳುತ್ತದೆ. ಆ ಸ್ಕಂದನಾದರೋ ನಮಗೆ ದೂರದವನಲ್ಲ. ಸಂಡೂರಿನ ಕಬ್ಬಿಣದ ಬೆಟ್ಟಗಳ ನಡುವೆ, ಪ್ರಾಚೀನವಾದ ಪಾರ್ವತೀ ದೇವಾಲಯದ ಪಕ್ಕದಲ್ಲಿಯೇ, ಕುಮಾರಸ್ವಾಮಿಯಾಗಿ ಅವನು ನೆಲಸಿದ್ದಾನೆ. ತಾಯಿಯ ಮೇಲೆ ಮುನಿದ ಕುಮಾರನು ಅವಳಿಂದ ಕುಡಿದ ಹಾಲನ್ನೆಲ್ಲ ಇಲ್ಲಿ ಕಾರಿಬಿಟ್ಟನೆಂದೂ, ಆ ಹಾಲೇ ಬೆಟ್ಟದಲ್ಲಿ ದೊರೆಯುವ ಬಿಳಿಯ ಮಣ್ಣಾಯಿತೆಂದೂ ಸ್ಥಳೀಯರು ಹೇಳುತ್ತಾರೆ. ಆ ಮಣ್ಣನ್ನು ಭಕ್ತರು ವಿಭೂತಿಯೆಂದು ಹಣೆಗೆ ಧರಿಸುತ್ತಾರೆ. ಆ ಕೋಪದ ನೆನಪಿನಿಂದಲೇ ಅವನ ಸನ್ನಿಧಿಗೆ ಹೆಂಗಸರು ಹೋಗಬಾರದೆಂಬ ಕಟ್ಟಳೆ ನಡೆದುಬಂದಿದೆ. ಕಟ್ಟಳೆಗಳು ಬದಲಾಗಲಾರವೆಂದು ಹೇಳುವವರು ಇದೇ ದೇವಾಲಯದ ಚರಿತ್ರೆಯನ್ನು ಒಮ್ಮೆ ನೋಡಬೇಕು: 1932ರಲ್ಲಿ ಸಂಡೂರು ಸಂಸ್ಥಾನದ ದೊರೆ ಯಶವಂತರಾವ್ ಘೋರ್ಪಡೆಯವರು ಇದರ ಬಾಗಿಲನ್ನು ಹರಿಜನರಿಗೆ ತೆರೆಸಿದರು, 1934ರಲ್ಲಿ ಇಲ್ಲಿಗೆ ಬಂದ ಗಾಂಧೀಜಿಯವರು ಅದನ್ನು ಮನಸಾರೆ ಮೆಚ್ಚಿದರು.

ಹಾಲು ಕಾರಿದ ಕಥೆಯಷ್ಟೇ ನಮ್ಮ ನಾಲಗೆಯ ಮೇಲೆ ಉಳಿದು, ಅದೇ ದೇವನ ಇನ್ನೊಂದು ಕಥೆ ಮರೆತುಹೋಗಿರುವುದು ಶೋಚನೀಯ. ಅರಣ್ಯಪರ್ವದಲ್ಲಿ ಆರು ಮಂದಿ ಋಷಿಪತ್ನಿಯರು ತಮ್ಮದಲ್ಲದ ತಪ್ಪಿಗಾಗಿ ಶಂಕೆಗೆ ಗುರಿಯಾಗಿ, ಗಂಡಂದಿರಿಂದ ತ್ಯಕ್ತರಾಗಿ, ನಿಲ್ಲಲು ನೆಲೆಯಿಲ್ಲದೆ ಸ್ಕಂದನ ಬಳಿಗೆ ಬರುತ್ತಾರೆ. ತಮಗೆ ಮಗನಾಗೆಂದು ಬೇಡಿದ ಅವರನ್ನು ಅವನು ತಾಯಂದಿರೆಂದು ಸ್ವೀಕರಿಸುತ್ತಾನೆ. ಕೃತ್ತಿಕೆಯರೆಂದು ಆಕಾಶದಲ್ಲಿ ನಾವು ಕಾಣುವವರು ಇವರೇ. ಅದೇ ಪ್ರಕರಣದಲ್ಲಿ ಮಾತೃಗಣವೊಂದು ಅವನನ್ನು ಬೇಡಿ, ಹದಿನಾರು ವರ್ಷದವರೆಗಿನ ಮಕ್ಕಳನ್ನು ಪೀಡಿಸುವ ಅಧಿಕಾರವನ್ನು ಪಡೆಯುತ್ತದೆ. ಸ್ಥಾನ ಕಳೆದುಕೊಂಡ ಮಾತೃತ್ವವೂ ಮಕ್ಕಳ ರೋಗವೂ ಒಂದೇ ಪ್ರಕರಣದಲ್ಲಿ ಹೀಗೆ ಅಕ್ಕಪಕ್ಕ ಬಂದಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವಂತೂ, ಶಿಶುಗಳನ್ನು ಹಿಡಿಯುವ ಒಂಬತ್ತು ಗ್ರಹಗಳನ್ನು ಹೆಸರಿಸಿ, ಅವು ಯಾವ ಮನೆಯನ್ನು ಹೊಗುತ್ತವೆ ಎಂಬುದನ್ನು ಹೇಳುವಾಗ ಕೂಸಿನ ಪೂರ್ವಜನ್ಮದ ಕಡೆಗೆ ಬೊಟ್ಟುಮಾಡದೆ, ಅತಿಥಿಸತ್ಕಾರವೂ ಶೌಚಾಚಾರವೂ ಕೆಟ್ಟ ಮನೆಗಳನ್ನು ತೋರಿಸುತ್ತದೆ. ಗ್ರಹಗಳನ್ನು ನಂಬುವುದೂ ಬಿಡುವುದೂ ಅವರವರ ಇಚ್ಛೆ. ರೋಗದ ಮೂಲವನ್ನು ದೊಡ್ಡವರ ನಡವಳಿಕೆಯಲ್ಲಿ ಹುಡುಕಿದ ಆ ಪ್ರಾಚೀನ ವೈದ್ಯನ ವಿವೇಕಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಚರಕನೂ ಅಷ್ಟೆ, ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯಂತೆ ಕುಲುಕದೆ ಕಾಪಾಡಬೇಕೆಂದು ಅವನು ವಿಧಿಸಿದುದು ಅವಳ ಸುತ್ತಲಿನವರಿಗೆ.

ಈಗ ನಮ್ಮ ಮನೆಗಳ ಒಳಗೆ ನೋಡೋಣ. ಹೆರಿಗೆಯಾದ ಮೊದಲೆರಡು ದಿನ ತಾಯಿಯ ಎದೆಯಲ್ಲಿ ಇಳಿಯುವ ಹಳದಿಯ ದಪ್ಪ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಸಕ್ಕರೆ ನೀರನ್ನೋ ಜೇನನ್ನೋ ಹರಳೆಣ್ಣೆಯನ್ನೋ ಬತ್ತಿಯಿಂದ ನೆಕ್ಕಿಸುವ ರೂಢಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ರೋಗವನ್ನು ತಡೆಯುವ ಶಕ್ತಿ ಆ ಹಾಲಿನಲ್ಲಿಯೇ ಅತ್ಯಧಿಕವಾಗಿರುವುದೆಂದೂ, ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಿ, ಆರು ತಿಂಗಳು ತಾಯಿಯ ಹಾಲೊಂದನ್ನೇ ಕುಡಿಸಬೇಕೆಂದೂ ಆಶಾ ಕಾರ್ಯಕರ್ತೆಯು ಮನೆಬಾಗಿಲಿಗೆ ಬಂದು ಹೇಳಿಹೋಗುತ್ತಾಳೆ. ಅವಳು ತಿರುಗಿದೊಡನೆ ಅಜ್ಜಿಯ ಬಟ್ಟಲು ಹೊರಬರುತ್ತದೆ. ಬೆಟ್ಟದ ಮೇಲಿನ ಮಣ್ಣನ್ನು ತಾಯಿಯ ಹಾಲೆಂದು ಕಣ್ಣಿಗೊತ್ತಿಕೊಳ್ಳುವ ಜನ, ಜೀವಂತ ತಾಯಿಯ ಮೊದಲ ಹಾಲನ್ನು ಬಚ್ಚಲಿಗೆ ಚೆಲ್ಲುವುದನ್ನು ಕಂಡಾಗ ನನಗಾಗುವ ವ್ಯಥೆ ಅಷ್ಟಿಷ್ಟಲ್ಲ. ಅಜ್ಜಿಯನ್ನು ದೂರಿ ಫಲವಿಲ್ಲ. ಬಾಣಂತಿಗೆ ಎರೆದು, ಹೊರಸಿನ ಕೆಳಗೆ ಕೆಂಡವಿರಿಸಿ, ಸಬ್ಬಸಿಗೆಯ ಪಲ್ಯವನ್ನೂ ಅಂಟಿನುಂಡೆಯನ್ನೂ ಮಾಡಿ ತಿನ್ನಿಸುವವಳು ಅವಳೇ. ಅವಳ ಪ್ರೀತಿಗೆ ತಿಳಿವಳಿಕೆ ಜೊತೆಗೂಡಬೇಕಾಗಿದೆಯಷ್ಟೆ.

ಸೂತಕದ ಪ್ರಶ್ನೆ ಇದಕ್ಕಿಂತ ಕಠಿನವಾದುದು. ಬಾಣಂತಿಗೆ ಕೆಲವು ದಿನಗಳ ವಿಶ್ರಾಂತಿಯೂ ಏಕಾಂತವೂ ದೊರೆಯಲೆಂಬ ಸದುದ್ದೇಶ ಪುರುಡಿನ ಹಿಂದೆ ಇದ್ದಿರಬಹುದು. ಆದರೆ ರಕ್ಷಣೆಗೆಂದು ಬೇಲಿ ಹಾಕಿದ ಜಾಗದಲ್ಲಿ ಮೈಲಿಗೆಯ ಭೀತಿ ಬೆಳೆದುನಿಂತರೆ ಏನಾಗುತ್ತದೆಂಬುದನ್ನು ನೆರೆಯ ಜಿಲ್ಲೆಗಳ ಗೊಲ್ಲರಹಟ್ಟಿಗಳು ನಮಗೆ ತೋರಿಸಿವೆ. 2023ರ ಜುಲೈ ತಿಂಗಳಲ್ಲಿ, ತುಮಕೂರಿನ ಸಮೀಪದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರ ಹೊರಗಿನ ಗುಡಿಸಲಿನಲ್ಲಿ ತಾಯಿಯೊಡನೆ ಇರಿಸಲ್ಪಟ್ಟ ಹಸುಗೂಸು ಮಳೆ ಚಳಿಯ ದಿನಗಳಲ್ಲಿ ಅಸುನೀಗಿತು. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದಾಗ ಅವರು ಕೇವಲ ತತ್ತ್ವವನ್ನು ಪ್ರತಿಪಾದಿಸುತ್ತಿರಲಿಲ್ಲ. ಹೆತ್ತವಳ ಮೈಯನ್ನು ದೇವರ ದೃಷ್ಟಿಯಲ್ಲಿ ಶುದ್ಧವೆಂದು ಸಾರಿ, ಅವಳಿಗೆ ಮನೆಯ ನಡುಮನೆಯಲ್ಲಿಯೇ ಜಾಗ ಕೊಡಿಸುತ್ತಿದ್ದರು. ಎಂಟು ನೂರು ವರ್ಷಗಳ ಹಿಂದೆ ನಮ್ಮ ಭಾಷೆಯಲ್ಲಿಯೇ ಇತ್ಯರ್ಥವಾದ ಪ್ರಶ್ನೆಯನ್ನು, ಆ ಶರಣರ ಹೆಸರು ಹೇಳುವ ಮನೆಗಳೂ ಮತ್ತೆ ತೆರೆದು ಕುಳಿತಿರುವುದೇಕೆ?

ಹಂಪಿಯ ವಿರೂಪಾಕ್ಷನ ಸನ್ನಿಧಿಯಲ್ಲಿ ಪ್ರತಿವರ್ಷವೂ ಫಲಪೂಜೆಯ ಹೆಸರಿನಲ್ಲಿ ಪಂಪಾದೇವಿಯ ನಿಶ್ಚಿತಾರ್ಥವನ್ನೂ, ಚೈತ್ರದಲ್ಲಿ ಅವಳ ಕಲ್ಯಾಣೋತ್ಸವವನ್ನೂ ನಡೆಸುತ್ತೇವೆ. ಆ ದೇವಿ ತನ್ನ ತಪಸ್ಸಿನಿಂದ, ತನ್ನ ಸಂಕಲ್ಪದಿಂದ ಪತಿಯನ್ನು ಪಡೆದವಳು. ರಥದ ಹಗ್ಗ ಹಿಡಿದು ಎಳೆಯುವ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ, ಹದಿನೈದು ಹದಿನಾರರ ಹುಡುಗಿಯನ್ನು, ಆಸ್ತಿ ಹೊರಗೆ ಹೋಗದಿರಲೆಂದು ಅವಳ ಸೋದರಮಾವನಿಗೇ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಅವಳ ಮೈ ಇನ್ನೂ ಬೆಳೆಯುತ್ತಿರುವಾಗಲೇ ಅದರೊಳಗೆ ಇನ್ನೊಂದು ಮೈ ಬೆಳೆಯಬೇಕು. ಇರುವ ರಕ್ತವನ್ನು ಇಬ್ಬರೂ ಹಂಚಿಕೊಳ್ಳಬೇಕು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಪುಸ್ತಕದಲ್ಲಿದೆ. ದೇವದಾಸಿಯಾಗಿ ಬಿಡಲು ಮುತ್ತು ಕಟ್ಟುವುದನ್ನು 1982ರ ಕಾಯಿದೆಯೇ ನಿಷೇಧಿಸಿತ್ತು. ಆದರೂ ಈ ಭಾಗದಲ್ಲಿ ದೇವರ ಹೆಸರಿನಲ್ಲಿ ಬಿಡಲ್ಪಟ್ಟ ತಾಯಂದಿರು ಗಂಡನ ಮನೆಯ ಆಸರೆ ಕಾಣದೆ ಹೆತ್ತು ಸಾಕಿದ್ದಾರೆ. ಕಂಪ್ಲಿಯ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ನೆಲ್ಲು ನಾಟಿಯ ಕಾಲಕ್ಕೆ ಹೋದರೆ, ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ಬಾಗಿ ಹಿಂದೆ ಹಿಂದೆ ಸರಿಯುವ ಹೆಂಗಸರ ನಡುವೆ, ತುಂಬಿದ ಬಸುರಿಯೊಬ್ಬಳು ಕಾಣಸಿಗುವುದೂ, ಬದುವಿನ ಬೇವಿನ ಕೊಂಬೆಗೆ ಹಳೆಯ ಸೀರೆಯ ಜೋಲಿಯಲ್ಲಿ ಕೂಸೊಂದು ತೂಗುತ್ತಿರುವುದೂ ಅಪೂರ್ವವಲ್ಲ. ಅಳುವ ಕೂಸಿಗೆ ಹಾಲೂಡಲು ಅವಳು ಸಾಲು ಬಿಟ್ಟು ಎದ್ದರೆ, ಗುತ್ತಿಗೆಯ ನಾಟಿಯಲ್ಲಿ ಉಳಿದವರ ಕೆಲಸ ಹಿಂದೆ ಬೀಳುತ್ತದೆ. ಆದುದರಿಂದ ಅವಳು ಏಳುವುದಿಲ್ಲ.

ಇದೆಲ್ಲವೂ ಪ್ರಾರಬ್ಧವೆ? ಕರ್ಮಸಿದ್ಧಾಂತವನ್ನು ಅಕ್ಷರಶಃ ಒಪ್ಪಿಕೊಂಡರೂ ನಮಗೆ ಬಿಡುಗಡೆಯಿಲ್ಲ. ಹಸಿದವಳ ಹಸಿವು ಅವಳ ಪ್ರಾರಬ್ಧವೇ ಆಗಿರಲಿ, ಅನ್ನವಿದ್ದೂ ಬಡಿಸದವನ ಕೃತ್ಯ ಅವನ ಆಗಾಮಿ ಕರ್ಮವಾಗಿ ಅವನ ಲೆಕ್ಕಕ್ಕೇ ಸೇರುತ್ತದೆ. ಒಬ್ಬರ ಹಣೆಬರಹವನ್ನು ಓದುವ ಅಧಿಕಾರವನ್ನು ಆ ಸಿದ್ಧಾಂತ ಇನ್ನೊಬ್ಬರಿಗೆ ಎಲ್ಲಿಯೂ ಕೊಟ್ಟಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮಡಿದಾಗ ನಾಡು ವಿಧಿಯನ್ನು ಹಳಿದು ಸುಮ್ಮನಾಗಲಿಲ್ಲ. ಅವರಿಗೆ ಬಾಟಲಿಯಿಂದ ಏರಿಸಿದ ಗ್ಲೂಕೋಸಿನಂಥ ದ್ರವದ ಮೇಲೆ ಸಂಶಯ ಹೊರಟು, ಅದನ್ನು ತಯಾರಿಸಿದವರಾರು, ಪರೀಕ್ಷಿಸಿದವರಾರು ಎಂದು ಕೇಳಿತು. ಕೇಳಿದುದು ಸರಿ. ಬಾಟಲಿಯಲ್ಲಿ ಬಂದ ಮೃತ್ಯುವಿಗೆ ಕಾರಣ ಕೇಳುವ ನಾವು, ತಿಂಗಳುಗಟ್ಟಲೆ ತಟ್ಟೆಯಲ್ಲಿ ಬರುವ ಕ್ಷಯಕ್ಕೂ ಕಾರಣ ಕೇಳಬೇಕಾದವರೇ.

ಏಕೆಂದರೆ ಸೊಸೆಯ ತಟ್ಟೆ ಬಹುಪಾಲು ಮನೆಗಳಲ್ಲಿ ಕೊನೆಯ ತಟ್ಟೆ. ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ಉಂಡ ಮೇಲೆ ಉಳಿದ ರೊಟ್ಟಿಯೂ ಪಾತ್ರೆಯ ತಳದ ಸಾರೂ ಅವಳ ಪಾಲು. ಹೆಚ್ಚು ಉಂಡರೆ ಹೊಟ್ಟೆಯಲ್ಲಿ ಕೂಸಿಗೆ ಜಾಗ ಸಾಲದು, ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುವುದು ಎಂಬ ಉಪದೇಶ ಬೇರೆ. ಸರ್ಕಾರವು ಮೊದಲು ಅವಳ ಪಾಲಿನ ಆಹಾರ ಪದಾರ್ಥಗಳನ್ನು ಮನೆಗೇ ಕೊಡುತ್ತಿತ್ತು. ಅದು ಮನೆಮಂದಿಯಲ್ಲಿ ಹಂಚಿಹೋಗುತ್ತಿತ್ತು. ಆದುದರಿಂದ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆಯನ್ನು ರಾಜ್ಯದಾದ್ಯಂತ ಆರಂಭಿಸಿ, ಬಸುರಿಯರೂ ಬಾಣಂತಿಯರೂ ಅಂಗನವಾಡಿಯಲ್ಲಿಯೇ ಕುಳಿತು ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಶೇಂಗಾ ಚಿಕ್ಕಿ, ಹಾಲು ಇವನ್ನು ಬಿಸಿಯಾಗಿ ಉಣ್ಣುವಂತೆ ಏರ್ಪಡಿಸಿತು. ಊಟ ಸಿದ್ಧವಾಯಿತು; ಮನೆಯ ಹೊಸ್ತಿಲು ಮಾತ್ರ ಅಡ್ಡ ಬಂದಿತು. ನಾಲ್ಕು ಜನರ ಎದುರು ಸೊಸೆ ಉಣ್ಣುವುದು ಮರ್ಯಾದೆಯಲ್ಲವೆಂದು ಕೆಲವರು, ಯಾವ ಜಾತಿಯವಳು ಬೇಯಿಸಿದಳೋ ಎಂದು ಕೆಲವರು, ಕೂಲಿ ತಪ್ಪುವುದೆಂದು ಕೆಲವರು, ನಲವತ್ತು ದಿನ ಬಾಣಂತಿ ಗಾಳಿಗೆ ಹೋಗಬಾರದೆಂದು ಮತ್ತೆ ಕೆಲವರು.

ಕೊನೆಯ ಆಕ್ಷೇಪಣೆಯನ್ನು ನಾನು ಗೌರವಿಸುತ್ತೇನೆ; ಹಸಿಮೈಯವಳು ಬಿಸಿಲಿನಲ್ಲಿ ನಡೆದು ಬರುವುದು ಬೇಡ. ಆದರೆ ಕುಬುಸದ ದಿನ ಐದು ಮಂದಿ ಮುತ್ತೈದೆಯರನ್ನು ಕೂಡಿಸಿ ಅವಳ ಉಡಿ ತುಂಬಿದ ಮನೆಯಲ್ಲಿ, ಮಧ್ಯಾಹ್ನ ಬುತ್ತಿಡಬ್ಬಿ ಹಿಡಿದು ಅಂಗನವಾಡಿಯವರೆಗೆ ಹೋಗಿಬರಲು ಒಬ್ಬ ನಾದಿನಿಯೂ, ಒಬ್ಬ ಮೈದುನನೂ, ಕಡೆಗೆ ಗಂಡನೂ ಇಲ್ಲವೆ? ತಂದ ಡಬ್ಬಿಯನ್ನು ಬಾಣಂತಿಯ ಮುಂದೆಯೇ ತೆರೆದು, ಆ ಮೊಟ್ಟೆಯನ್ನು ಅವಳ ಕೈಗೇ ಕೊಟ್ಟು, ಅವಳು ಉಂಡು ಮುಗಿಸುವವರೆಗೆ ಅತ್ತೆ ಪಕ್ಕದಲ್ಲಿ ಕುಳಿತಿರಲಿ. ಇದಕ್ಕೆ ಯಾವ ಶಾಸ್ತ್ರವೂ ಅಡ್ಡಿ ಹೇಳಿಲ್ಲ.