ಮೋಳಿಗೆಯ ಮಹಾದೇವಮ್ಮನವರು

ಸಂಸಾರದಲ್ಲಿದ್ದೇ ಲಿಂಗೈಕ್ಯಳಾದ ತಾಯಿಯೊಬ್ಬಳ ಶಿವಗಣಾರಾಧನೆಯ ದಿನ ನೆರೆದ ಬಂಧುಬಾಂಧವರು ಆಡುವ ಮಾತು ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ. ಆಕೆ ಪತಿಗಾಗಿ ಬಾಳಿದಳು, ಮಕ್ಕಳಿಗಾಗಿ ಸವೆದಳು, ಲಿಂಗಪೂಜೆಯನ್ನು ಒಂದು ದಿನವೂ ತಪ್ಪಿಸಲಿಲ್ಲ ಎನ್ನುತ್ತಾರೆ. ಈ ಮಾತು ಸುಳ್ಳಲ್ಲ, ಪ್ರೀತಿಯಿಂದಲೇ ಹೊರಟದ್ದು. ಆದರೂ ಅದರೊಳಗೆ ವಿಚಾರವಂತರು ನಿಂತು ನೋಡಬೇಕಾದ ಪ್ರಶ್ನೆಯೊಂದು ಅಡಗಿದೆ. ಪರರಿಗಾಗಿ ಬಾಳಿದಳೆಂದು ಕೊಂಡಾಡುವಾಗ, ಆಕೆ ಸ್ವತಃ ಏನನ್ನು ಅರಿತಿದ್ದಳು, ಯಾವುದನ್ನು ಸರಿಯೆಂದು ಹಿಡಿದಳು, ಯಾವುದನ್ನು ಬೇಡವೆಂದು ತಡೆದಳು ಎಂಬುದೆಲ್ಲವೂ ಆ ಹೊಗಳಿಕೆಯ ಅಡಿಯಲ್ಲಿ ಮುಚ್ಚಿಹೋಗುವುದಿಲ್ಲವೆ? ಮನೆಗೂ ಧರ್ಮಕ್ಕೂ ಮುಡಿಪಾದ ಜೀವವನ್ನು ಸ್ಮರಿಸುವುದೆಂದರೆ ಅದರ ಸೇವೆಯನ್ನು ಸ್ಮರಿಸುವುದು ಮಾತ್ರವೆ, ಅದರ ಅರಿವನ್ನು ಸ್ಮರಿಸುವುದೂ ಹೌದೆ?

ಬೆಂಗಳೂರಿನ ದಕ್ಷಿಣದಲ್ಲಿರುವ ಉತ್ತರಹಳ್ಳಿಯಂಥ ಊರಿನಲ್ಲಿ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದಾಗುತ್ತದೆ. ಹೊಲ ತೋಟಗಳ ನಡುವಿನ ಹೋಬಳಿಯ ಊರಾಗಿದ್ದ ಇದು ಬೆಳೆಯುತ್ತ ಬಂದ ನಗರದೊಳಗೆ ಸೇರಿಹೋಗಿದೆ. 2007ರಲ್ಲಿ ಬೆಂಗಳೂರು ಮಹಾನಗರಪಾಲಿಕೆಯು ಸುತ್ತಣ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಗ್ರಾಮಗಳನ್ನೂ ಕೂಡಿಸಿಕೊಂಡು ಬೃಹತ್ತಾದ ಮೇಲಂತೂ ಇಲ್ಲಿ ನೆಲೆಸಲು ಬಂದವರ ಸಂಖ್ಯೆ ಬಹಳ ಏರಿತು. ಬೀದರ, ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದ ಶರಣ ಕುಟುಂಬಗಳೂ ಅವರಲ್ಲಿವೆ. ಮದುವೆಯಾಗಿ ಪತಿಯೊಡನೆ ಬಂದವಳು, ಮುಪ್ಪಿನಲ್ಲಿ ಮಗನ ಮನೆಗೆ ಬಂದವಳು, ಜೋಳದ ರೊಟ್ಟಿಯ ನಾಡಿನಿಂದ ರಾಗಿಮುದ್ದೆಯ ನಾಡಿಗೆ ಬಂದು ತನ್ನ ಮಾತಿನ ಧಾಟಿಯನ್ನು ಕೇಳಿ ನೆರೆಯವರು ನಸುನಗುವುದನ್ನು ಸಹಿಸಿಕೊಂಡವಳು, ಬಾಡಿಗೆಯ ಮನೆಯ ಚಿಕ್ಕ ಮೂಲೆಯಲ್ಲಿ ವಿಭೂತಿ ರುದ್ರಾಕ್ಷಿಗಳನ್ನಿಟ್ಟುಕೊಂಡು ಇಷ್ಟಲಿಂಗವನ್ನು ಕರಸ್ಥಲದಲ್ಲಿ ಧರಿಸಿ ಕುಳಿತವಳು. ಇಂಥವರ ವಿಷಯದಲ್ಲಿ ಲೋಕ ಹೇಳುವುದೊಂದೇ: ಗಂಡನ ಹಿಂದೆ ಬಂದಳು, ಮಗನ ಹಿಂದೆ ಬಂದಳು. ಹಿಂದೆ ಬಂದವಳೆಂಬುದೇ ಆಕೆಯ ಚರಿತ್ರೆಯಾಗಿಬಿಡುತ್ತದೆ.

ಶರಣ ಪರಂಪರೆಯಲ್ಲಿ ಹೀಗೆ ಹಿಂದೆ ಬಂದವರೆಂದು ಎಣಿಸಲ್ಪಟ್ಟ ಮಹಾಮಾತೆಯೊಬ್ಬರಿದ್ದಾರೆ. ಅವರು ಬಂದದ್ದು ಆರುನೂರು ಕಿಲೋಮೀಟರು ದೂರದಿಂದಲ್ಲ, ಅದರ ಎರಡರಷ್ಟನ್ನೂ ಮೀರಿದ ದೂರದಿಂದ. ಕಾಶ್ಮೀರದ ಮಾಂಡವ್ಯಪುರದ ಅರಸನಾದ ಮಹಾದೇವ ಭೂಪಾಲನು ಬಸವಣ್ಣನವರ ಕೀರ್ತಿಯನ್ನು ಕೇಳಿ, ರಾಜ್ಯಕೋಶಗಳನ್ನು ತ್ಯಜಿಸಿ, ರಾಣಿ ಗಂಗಾದೇವಿಯೊಡನೆ ಕಲ್ಯಾಣಕ್ಕೆ ನಡೆದು ಬಂದನೆಂದೂ, ಅಲ್ಲಿ ಕಾಡಿನಿಂದ ಸೌದೆ ತಂದು ಮಾರುವ ಕಾಯಕವನ್ನು ಹಿಡಿದನೆಂದೂ ಸಂಪ್ರದಾಯವು ಹೇಳುತ್ತದೆ. ಮೋಳಿಗೆಯೆಂದರೆ ಸೌದೆಯ ಹೊರೆ. ಅರಸನು ಮೋಳಿಗೆಯ ಮಾರಯ್ಯನಾದನು. ರಾಣಿ ಗಂಗಾದೇವಿಯು ಮಹಾದೇವಿಯಾದರು. ನಾಡು ಹೋಯಿತು, ನುಡಿ ಹೋಯಿತು, ಹುಟ್ಟುಹೆಸರೂ ಉಳಿಯಲಿಲ್ಲ.

ಕಾಶ್ಮೀರವೆಲ್ಲಿ, ಕಲ್ಯಾಣವೆಲ್ಲಿ ಎಂದು ಕೇಳುವವರುಂಟು. ಆದರೆ ಆ ದಾರಿ ಆ ಕಾಲದ ಜನ ಕಾಣದ ದಾರಿಯೇನೂ ಅಲ್ಲ. ಮಹಾದೇವಮ್ಮನವರಿಗಿಂತ ಸುಮಾರು ಒಂದು ಶತಮಾನದ ಹಿಂದೆಯೇ ಕಾಶ್ಮೀರದ ಕವಿ ಬಿಲ್ಹಣನು ಮಥುರಾ, ಕಾಶಿ, ಸೋಮನಾಥಗಳನ್ನು ಸುತ್ತಿ ಕಲ್ಯಾಣಕ್ಕೆ ಬಂದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿ ನೆಲೆಸಿದನು. ಆ ಅರಸನ ಚರಿತ್ರೆಯನ್ನೇ ಸಂಸ್ಕೃತ ಕಾವ್ಯವಾಗಿ ಬರೆದನು. ಕಾಶ್ಮೀರದ ಅರಸ ಹರ್ಷನು ಕರ್ಣಾಟಕದ ಮಾದರಿಯ ನಾಣ್ಯಗಳನ್ನು ಟಂಕಿಸಿದನೆಂದು ಕಲ್ಹಣನ ರಾಜತರಂಗಿಣಿಯಲ್ಲಿ ಹೇಳಿದೆ. ಹೀಗೆ ಹಿಮದ ನಾಡಿಗೂ ಕಲ್ಯಾಣಕ್ಕೂ ಕವಿಗಳ ಮೂಲಕ, ಹೊನ್ನಿನ ಮೂಲಕ ಪರಿಚಯವಿದ್ದಿತು. ಬಿಲ್ಹಣನು ಬಂದದ್ದು ರಾಜಮನ್ನಣೆಗೆ. ಅವನ ಮುಂದೆ ಕೊಡೆ ನಡೆಯಿತು, ಆನೆ ನಡೆಯಿತು. ಮಹಾದೇವಮ್ಮನವರು ಅದೇ ದಾರಿಯಲ್ಲಿ ಬಂದು ಸೌದೆಯ ಹೊರೆಯ ಮನೆಯನ್ನು ಸೇರಿದರು. ಒಂದೇ ದಾರಿಯಲ್ಲಿ ಇಬ್ಬರು ನಡೆದು ಎರಡು ಬೇರೆ ಬೇರೆ ಊರುಗಳನ್ನು ಮುಟ್ಟಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆ ಮನೆಯ ಬಡತನದ ಬಗೆಗೆ ಪುರಾಣಕಾರರು ಸಂತೋಷದಿಂದ ಹೇಳುವ ಕಥೆಯೊಂದಿದೆ. ಮಾರಯ್ಯನವರು ಕಾಡಿಗೆ ಹೋಗಿದ್ದಾಗ ಬಸವಣ್ಣನವರು ಜಂಗಮವೇಷದಿಂದ ಬಂದರು. ಮನೆಯಲ್ಲಿದ್ದುದು ಅಂಬಲಿ. ಮಹಾದೇವಮ್ಮನವರು ನಾಚದೆ, ಅಳುಕದೆ ಅದನ್ನೇ ಭಕ್ತಿಯಿಂದ ನೀಡಿದರು. ಬಸವಣ್ಣನವರು ಅದನ್ನು ಸ್ವೀಕರಿಸಿ, ಈ ದಂಪತಿಗಳ ಕಷ್ಟಕ್ಕೆ ಮರುಗಿ, ಹೊನ್ನಿನ ಗಂಟನ್ನು ಗುಟ್ಟಾಗಿ ಇರಿಸಿ ಹೋದರು. ಸಂಜೆ ಮರಳಿದ ಮಾರಯ್ಯನವರು ಹೊನ್ನನ್ನು ಕಂಡು ನೊಂದರು. ಅದಷ್ಟನ್ನೂ ಜಂಗಮರಿಗೆ ಸಲ್ಲಿಸಿಬಿಟ್ಟರು. ಈ ಕಥೆಯನ್ನು ಕೇಳಿದವರೆಲ್ಲ ಮಾರಯ್ಯನವರ ನಿಸ್ಪೃಹತೆಗೆ ತಲೆದೂಗುತ್ತಾರೆ. ಅಂಬಲಿಯನ್ನು ಕಾಯಿಸಿದ ಕೈ, ಇದ್ದುದನ್ನು ಇದ್ದಂತೆಯೇ ಅತಿಥಿಗೆ ನೀಡಿದ ಮನಸ್ಸು ಯಾರವು ಎಂದು ಕೇಳುವವರು ವಿರಳ. ಅರಮನೆಯಲ್ಲಿ ಬೆಳೆದ ಹೆಣ್ಣುಮಗಳು ಬರಿಯ ಅಂಬಲಿಯನ್ನು ಬಡಿಸುವಾಗ ಕ್ಷಮೆ ಕೇಳದೆ ಬಡಿಸುವುದೆಂದರೆ ಸಾಮಾನ್ಯವೆ? ಹೊನ್ನನ್ನು ಬಿಡುವುದಕ್ಕಿಂತ ಲಜ್ಜೆಯನ್ನು ಬಿಡುವುದು ಕಷ್ಟವೆಂಬುದನ್ನು, ಬಂಧುಗಳ ಮುಂದೆ ತನ್ನ ಬಡತನವನ್ನು ಮರೆಸಲು ಸಾಲ ಮಾಡಿದ ಗೃಹಸ್ಥರು ಬಲ್ಲರು.

ಅದೇ ರಾಜಮನೆತನದಿಂದ ಕಲ್ಯಾಣಕ್ಕೆ ಬಂದ ಇನ್ನೊಬ್ಬ ಶರಣೆ ಬೊಂತಾದೇವಿ. ಮಾರಯ್ಯನವರ ಸಹೋದರಿಯೆಂದು ಪ್ರಸಿದ್ಧಿ. ಅವರದು ಮನೆಯಿಲ್ಲದ ಮಾರ್ಗ. ಬಿಡಾಡಿ ಎಂಬುದೇ ಅವರ ವಚನಗಳ ಅಂಕಿತ. ಲೋಕವು ಸಾಮಾನ್ಯವಾಗಿ ಬೊಂತಾದೇವಿಯರನ್ನು ಸ್ವತಂತ್ರರೆಂದೂ ಮಹಾದೇವಮ್ಮನವರನ್ನು ಪತಿಪರಾಯಣೆಯೆಂದೂ ಬೇರ್ಪಡಿಸಿ ನೋಡುತ್ತದೆ. ಅರಿವು ಮನೆಯ ಹೊರಗಿದ್ದರೆ ಸ್ವಾತಂತ್ರ್ಯ, ಒಳಗಿದ್ದರೆ ವಿಧೇಯತೆ ಎಂಬ ಈ ಲೆಕ್ಕಾಚಾರ ಎಷ್ಟು ಸರಿ?

ಧರ್ಮಕ್ಕಾಗಿ ದೇಶವನ್ನು ಬಿಟ್ಟ ಗೃಹಿಣಿಯರು ಅನ್ಯ ಧರ್ಮಗಳಲ್ಲಿಯೂ ಉಂಟು. ಅವರ ಸ್ಮರಣೆಗೂ ಇದೇ ಗತಿಯಾಗಿದೆ. ಹಾಲೆಂಡ್ ದೇಶದಲ್ಲಿ 1834ರಿಂದೀಚೆಗೆ ಅಲ್ಲಿನ ರಾಜಮಾನ್ಯ ಚರ್ಚಿನಿಂದ ಬೇರ್ಪಟ್ಟ ಕ್ರೈಸ್ತರು ತಮ್ಮಷ್ಟಕ್ಕೆ ಕೂಡಿ ಪ್ರಾರ್ಥಿಸಿದ್ದಕ್ಕಾಗಿ ದಂಡ ತೆರಬೇಕಾಯಿತು. ಕೆಲವು ವರ್ಷಗಳ ತರುವಾಯ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಬಡವರಿಗೆ ಹಸಿವೂ ಒದಗಿತು. 1847ರಲ್ಲಿ ವಾನ್ ರಾಲ್ಟೆ ಎಂಬ ಪಾದ್ರಿಯ ಮುಂದಾಳುತನದಲ್ಲಿ ಅವರಲ್ಲಿ ಕೆಲವರು ಸಮುದ್ರವನ್ನು ದಾಟಿ ಅಮೆರಿಕದ ಮಿಶಿಗನ್ ಪ್ರಾಂತದ ದಟ್ಟ ಕಾಡಿನಲ್ಲಿ ಮರ ಕಡಿದು ಊರು ಕಟ್ಟಿ, ಅದಕ್ಕೆ ಹಾಲೆಂಡ್ ಎಂದೇ ಹೆಸರಿಟ್ಟರು. ಮೊದಲ ವರ್ಷ ಜ್ವರವೂ ಇತರ ರೋಗಗಳೂ ಎಷ್ಟೋ ಜೀವಗಳನ್ನು ಕೊಂಡುಹೋದವು. ಮಕ್ಕಳನ್ನು ಮಣ್ಣುಮಾಡಿದ ತಾಯಂದಿರು ಮರುದಿನ ಉಳಿದ ಮಕ್ಕಳಿಗಾಗಿ ಒಲೆ ಹಚ್ಚಿದರು. ಭಾನುವಾರದ ಪ್ರಾರ್ಥನೆಯನ್ನು ಬಿಡಲಿಲ್ಲ. ವಾನ್ ರಾಲ್ಟೆಯ ಹೆಸರು ಆ ಊರಿನ ಇತಿಹಾಸದ ಮೊದಲ ಪುಟದಲ್ಲಿದೆ; ಮಡದಿ ಕ್ರಿಸ್ಟಿನಾಳನ್ನು ಸ್ಮರಿಸುವಾಗ ಮೊದಲು ಬರುವ ಮಾತು ಪಾದ್ರಿಯ ಪತ್ನಿಯೆಂಬುದೇ. ಆ ತಾಯಂದಿರಲ್ಲಿ ಬಹುಮಂದಿಗೆ ದೊರೆತ ಹೊಗಳಿಕೆ ಕುಟುಂಬಕ್ಕೂ ಶ್ರದ್ಧೆಗೂ ಮುಡಿಪಾದವಳು ಎಂಬಷ್ಟೇ. ಉತ್ತರಹಳ್ಳಿಯ ಶಿವಗಣಾರಾಧನೆಯಲ್ಲಿ ಕೇಳಿಬರುವುದೂ ಅದೇ ಹೊಗಳಿಕೆಯಲ್ಲವೆ?

ಮಹಾದೇವಮ್ಮನವರ ವಿಷಯದಲ್ಲಿ ಒಂದು ಭಾಗ್ಯವಿದೆ. ಅವರ ಮಾತು ಉಳಿದಿದೆ. ಅವರ ಸುಮಾರು 70 ವಚನಗಳು ದೊರೆತಿವೆ. ಮಾರಯ್ಯನವರ ಎಂಟುನೂರರಷ್ಟು ವಚನಗಳ ಮುಂದೆ ಅವು ಎಣಿಕೆಯಲ್ಲಿ ಕಡಿಮೆ, ನಿಜ; ಆದರೆ ಅರಿವು, ಕುರುಹು, ಐಕ್ಯಗಳ ವಿಚಾರದಲ್ಲಿ ಅವು ಯಾರ ಪ್ರತಿಧ್ವನಿಯೂ ಅಲ್ಲ. ಅವರ ಅಂಕಿತವನ್ನೇ ನೋಡಬೇಕು. ಮಾರಯ್ಯನವರ ಅಂಕಿತ ‘ನಿಃಕಳಂಕ ಮಲ್ಲಿಕಾರ್ಜುನ’. ಮಹಾದೇವಮ್ಮನವರದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ’. ಪತಿಯ ದೈವದ ಹೆಸರು ಸತಿಯ ಅಂಕಿತದಲ್ಲಿ ಹಾಗೆಯೇ ಇದೆ. ಆದರೆ ಅದರ ಹಿಂದೆ ಇಮ್ಮಡಿ ಎಂಬ ಮಾತು ಸೇರಿದೆ. ಪತಿಯ ಅಂಕಿತವನ್ನು ಎರವಲು ಪಡೆದವರು ಅದನ್ನು ಇಮ್ಮಡಿಗೊಳಿಸಿಯೇ ಹಿಡಿದರೆಂದು ಭಾವಿಸಿದರೆ ತಪ್ಪಾಗಲಾರದು.

ಆ ಇಮ್ಮಡಿಯ ಅರ್ಥವು ತೋರುವುದು ಕೊನೆಯ ಪ್ರಸಂಗದಲ್ಲಿ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯು ಮೋಳಿಗೆಯ ಮಾರಯ್ಯನವರ ಸಂಪಾದನೆಗೆಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಮಾರಯ್ಯನವರಿಗೆ ಕೈಲಾಸದ ಕಡೆಗೆ ಮನಸ್ಸು ತಿರುಗಿತು. ದೇಹವನ್ನು ಕಳಚಿ ಅಲ್ಲಿಗೆ ಸೇರಬೇಕೆಂಬ ಬಯಕೆ ಮೂಡಿತು. ಲೋಕದ ಲೆಕ್ಕದಲ್ಲಿ ಇದು ಪುಣ್ಯವಂತರ ಬಯಕೆ. ಸತಿಯಾದವಳು ಕೈಜೋಡಿಸಿ ಒಪ್ಪಬೇಕಾದ ಬಯಕೆ. ಮಹಾದೇವಮ್ಮನವರು ಒಪ್ಪಲಿಲ್ಲ. ಅರಿವು ಇದ್ದೆಡೆಯೇ ಕೈಲಾಸವಾಗಿರಲು ಇನ್ನೊಂದು ಕೈಲಾಸವನ್ನು ಅರಸುವುದೇಕೆ, ಒಳಗಿನದನ್ನು ಹೊರಗಿಟ್ಟು ಅದರತ್ತ ನಡೆಯುವುದೇಕೆ ಎಂಬುದು ಅವರ ತರ್ಕದ ತಿರುಳು.

ಈ ತರ್ಕವನ್ನು ಆಡಿದವರು ಯಾರೆಂಬುದನ್ನು ಮರೆಯಬಾರದು. ಮನೆಯ ಹೊಸ್ತಿಲನ್ನು ಎಂದೂ ದಾಟದವರು ಹೀಗೆ ಹೇಳಿದ್ದರೆ ಅದಕ್ಕೆ ಅಷ್ಟು ತೂಕವಿರುತ್ತಿರಲಿಲ್ಲ. ಹೊರಡಲು ಅಂಜಿದವಳ ಮಾತೆಂದು ತಳ್ಳಿಹಾಕಬಹುದಾಗಿತ್ತು. ಮಹಾದೇವಮ್ಮನವರಾದರೋ ಹೊರಡುವುದೆಂದರೇನೆಂಬುದನ್ನು ಬಲ್ಲವರು. ತಮ್ಮ ಹೆಸರನ್ನೂ ನುಡಿಯನ್ನೂ ಅರಮನೆಯನ್ನೂ ದಾರಿಯಲ್ಲಿ ಒಂದೊಂದಾಗಿ ಇಳಿಸಿ ಬಂದವರು. ಬಿಡುವುದರಲ್ಲಿ ಅವರಿಗೆ ಭಯವಿರಲಿಲ್ಲ. ಬಿಟ್ಟುದಕ್ಕೆ ಪ್ರತಿಯಾಗಿ ಏನನ್ನಾದರೂ ಬೇಡುವುದರಲ್ಲಿ ಮಾತ್ರ ಅವರು ದೋಷವನ್ನು ಕಂಡರು. ಚಿಕ್ಕ ರಾಜ್ಯವೊಂದನ್ನು ತೊರೆದವನು ಅದಕ್ಕಾಗಿ ಕೈಲಾಸವೆಂಬ ದೊಡ್ಡ ರಾಜ್ಯವನ್ನು ಬಯಸಿದರೆ, ಅವನ ತ್ಯಾಗವು ಕೊನೆಗೆ ಒಂದು ವ್ಯಾಪಾರವಾಗಿ ನಿಲ್ಲುತ್ತದೆ. ಸೌದೆಯ ಹೊರೆಗಿಂತ ಲಾಭ ಹೆಚ್ಚಿರುವ ವ್ಯಾಪಾರ, ಅಷ್ಟೇ. ಬಸವಣ್ಣನವರ ಹೊನ್ನನ್ನು ಬೇಡವೆಂದ ಮನೆಯಲ್ಲಿ ಕೈಲಾಸವೆಂಬ ಹೊನ್ನಿನ ಗಂಟನ್ನು ಒಳಗೆ ಬಿಟ್ಟುಕೊಳ್ಳಬಹುದೆ? ಬಡಕುಟುಂಬಗಳಲ್ಲಿ ಮನೆಯ ಹಣಕಾಸನ್ನು ಎಚ್ಚರದಿಂದ ನೋಡಿಕೊಳ್ಳುವುದು ಬಹುತೇಕ ಗೃಹಿಣಿಯೇ. ಇಲ್ಲಿ ಆಕೆ ಪತಿಯ ಮುಕ್ತಿಯ ಲೆಕ್ಕವನ್ನೂ ನೋಡಿ ತಪ್ಪನ್ನು ತೋರಿಸಿಕೊಟ್ಟಳು.

ಶರಣೆಯರಲ್ಲಿ ಇದೊಂದೇ ಉದಾಹರಣೆಯಲ್ಲ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನವರನ್ನು ಆಯ್ದಕ್ಕಿ ಲಕ್ಕಮ್ಮನವರು ತಡೆದು, ಮಿಕ್ಕುದನ್ನು ಮರಳಿಸಿ ಬರುವಂತೆ ಹೇಳಿದ ಪ್ರಸಂಗವು ಮನೆಮಾತಾಗಿದೆ. ಬಸವಣ್ಣನವರು ಕೂಡಲಸಂಗಮಕ್ಕೆ ಬರಹೇಳಿ ಕರೆ ಕಳುಹಿಸಿದಾಗ ನೀಲಾಂಬಿಕೆಯರು, ಅಲ್ಲಿರುವ ದೈವವು ಇಲ್ಲಿಯೂ ಇರುವುದಷ್ಟೆ ಎಂಬ ಭಾವದಿಂದ ಉತ್ತರ ಕೊಟ್ಟರೆಂದೂ ಹೇಳುತ್ತಾರೆ. ಲಕ್ಕಮ್ಮನವರು ತಡೆದದ್ದು ಅಕ್ಕಿಯ ಆಸೆಯನ್ನು. ಮಹಾದೇವಮ್ಮನವರು ತಡೆದದ್ದು ಮೋಕ್ಷದ ಆಸೆಯನ್ನು. ಎರಡನೆಯದು ಮೇಲುನೋಟಕ್ಕೆ ಆಸೆಯಂತೆ ಕಾಣುವುದೇ ಇಲ್ಲವಾದ್ದರಿಂದ ಅದನ್ನು ಗುರುತಿಸಲು ಇನ್ನೂ ಸೂಕ್ಷ್ಮವಾದ ಕಣ್ಣು ಬೇಕು.

ಇಲ್ಲೊಂದು ಆಕ್ಷೇಪಣೆ ಬರಬಹುದು. ಪತಿಯನ್ನು ಎದುರಿಸಿ ಮಾತಾಡಿದವಳನ್ನು ಮನೆಗೆ ಮುಡಿಪಾದವಳೆನ್ನುವುದು ಹೇಗೆ? ಒಪ್ಪಿಗೆಯೇ ನಿಷ್ಠೆಯೆಂದು ತಿಳಿದವರಿಗೆ ಈ ಸಂದೇಹ ಸಹಜ. ಆದರೆ ಮಹಾದೇವಮ್ಮನವರು ಮಾರಯ್ಯನವರನ್ನು ತೊರೆಯಲೆಂದು ವಾದಿಸಲಿಲ್ಲ, ತೊರೆಯಲಾರದೆ ವಾದಿಸಿದರು. ಜೊತೆಯಾಗಿ ಅಷ್ಟು ದೂರ ನಡೆದವರಲ್ಲಿ ಒಬ್ಬರು ಕೊನೆಯ ಹೆಜ್ಜೆಯಲ್ಲಿ ದಾರಿ ತಪ್ಪುವುದನ್ನು ಕಂಡೂ ಸುಮ್ಮನಿರುವುದು ಯಾವ ನಿಷ್ಠೆ? ಉತ್ತರಹಳ್ಳಿಯ ಮನೆಗಳಲ್ಲಿಯೂ ಇಂಥ ತಾಯಂದಿರು ಆಗಿಹೋಗಿದ್ದಾರೆ. ಮಗನು ಲಂಚದ ಹಣವನ್ನು ತಂದಾಗ ಆ ದಿನ ಪ್ರಸಾದವನ್ನು ಮುಟ್ಟದೆ ಕುಳಿತವರು, ಸೊಸೆಗೆ ಆದ ಅನ್ಯಾಯವನ್ನು ಮನೆಯವರೆಲ್ಲರ ಮುಂದೆ ಅನ್ಯಾಯವೆಂದೇ ಕರೆದವರು ಇರಬಹುದು. ಅವರ ಆರಾಧನೆಯ ದಿನ ಆ ಸಂಗತಿಗಳನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಮನೆಯ ಮಾನ ಹೋದೀತೆಂಬ ಸಂಕೋಚ. ಆಕೆ ಬಡಿಸಿದ ಊಟವನ್ನು ನೆನೆಯುವವರು ಆಕೆ ಊಟವನ್ನು ಬಿಟ್ಟ ದಿನವನ್ನು ನೆನೆಯುವುದಿಲ್ಲ.

ಶೂನ್ಯಸಂಪಾದನೆಯನ್ನು ರಚಿಸಿದ ಹಿರಿಯರಿಗೆ ಆ ಸಂಕೋಚವಿರಲಿಲ್ಲ. ಸತಿಯು ಪತಿಯನ್ನು ತಿದ್ದಿದ ಮಾತನ್ನು ಅವರು ಮರೆಮಾಚದೆ, ಪತಿಯ ಹೆಸರಿನ ಅಧ್ಯಾಯದ ನಡುವೆಯೇ ಇರಿಸಿದರು. ಮಾರಯ್ಯನವರು ಗಂಡನೆಂಬ ಅಧಿಕಾರವನ್ನು ಮುಂದೊಡ್ಡಲಿಲ್ಲ, ಅರಸನಾಗಿದ್ದೆನೆಂಬುದನ್ನೂ ನೆನಪಿಸಲಿಲ್ಲ. ಸತಿಯ ನುಡಿಯನ್ನು ಗುರುವಾಕ್ಯದಂತೆ ಸ್ವೀಕರಿಸಿ, ಬಯಸಿದ ಕೈಲಾಸವನ್ನು ಅಲ್ಲಿಗೇ ಬಿಟ್ಟು, ಇದ್ದ ಎಡೆಯಲ್ಲಿಯೇ ಲಿಂಗದಲ್ಲಿ ಬೆರೆದರೆಂದು ಪ್ರತೀತಿ. ಮಹಾದೇವಮ್ಮನವರೂ ಅದೇ ನೆಲೆಯಲ್ಲಿ ಐಕ್ಯರಾದರು.